ಓದುಗರ ಪ್ರಶ್ನೆ: ಕಿವಿ ಕೇಳದವರ ಪಾಸ್ಟರ್ ಆಗುವುದೆಂದರೆ?

ಬೀದರಿನಲ್ಲಿ ಭಾನುವಾರ ಮಧ್ಯಾಹ್ನ ಕಿವಿ ಕೇಳದವರಿಗಾಗಿ ಆರಾಧನೆ ನಡೆಸುತ್ತೇನೆ ಅಂತ ಹೋದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲದಕ್ಕೂ ಇಲ್ಲಿ ಜಾಗ ಸಾಲದು, ಕೆಲವಕ್ಕೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಯ್ಯನವರಿಗೆ ವಂದನೆ. ನನ್ನ ಚಿಕ್ಕ ಮಗ ಡಿಗ್ರಿ ಮುಗಿಸಿದ್ದಾನೆ. ಬೈಬಲ್ ಕಾಲೇಜಿಗೆ ಹೋಗಿ ನಿಮ್ಮ ಹಾಗೆ ಕಿವುಡರ ಸೇವೆ ಮಾಡುತ್ತೇನೆ ಅನ್ನುತ್ತಾನೆ. ಅವರಪ್ಪ "ಅದರಾಗ ಹೊಟ್ಟಿ ತುಂಬ್ತದೇನು?" ಅಂತ ಬೈಯುತ್ತಾರೆ. ಈ ಬದುಕು ಹೇಗಿರುತ್ತದೆ, ಇದ್ದದ್ದು ಇದ್ದಹಾಗೆ ಹೇಳಿ.
(ಒಬ್ಬ ತಾಯಿ, ಹುಮನಾಬಾದ್)

ಉತ್ತರ: ಅವರಪ್ಪ ಕೇಳಿದ್ದರಲ್ಲಿ ತಪ್ಪೇನಿಲ್ಲ ತಾಯಿ. ನಮ್ಮ ಮನೆ ನಡೆದದ್ದು ನನ್ನ ಹೆಂಡತಿಯ ಹೊಲಿಗೆ ಮಷಿನ್ನಿನಿಂದ. ಸಭೆಗೆ ಬರುವವರಲ್ಲಿ ಗಾರೆ ಕೆಲಸದವರು, ಟೈಲರ್‌ಗಳು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರೇ ಜಾಸ್ತಿ. ಕಾಣಿಕೆ ಚೀಲದಲ್ಲಿ ಬೀಳುವುದು ಹತ್ತು, ಇಪ್ಪತ್ತರ ನೋಟು. ಇದನ್ನು ಮಗನಿಗೆ ಮೊದಲೇ ಹೇಳಿಬಿಡಿ.

ನಾನು ಇದಕ್ಕೆ ಬಂದದ್ದು ಒಂದು ಕರ್ಚೀಫಿನಿಂದ. ಹೊಸದಾಗಿ ಪಾಸ್ಟರ್ ಆಗಿದ್ದೆ, ಬೇಸಿಗೆ, ತಗಡಿನ ಮಾಡಿನ ಗುಡಿ. ಮುಂದಿನ ಸಾಲಿನಲ್ಲಿ ಏಳೆಂಟು ವರ್ಷದ ಹುಡುಗ, ಹುಟ್ಟು ಕಿವುಡ, ನಾನು ಮುಕ್ಕಾಲು ತಾಸು ಪ್ರಸಂಗ ಮಾಡಿದರೂ ಕಣ್ಣು ಕದಲಿಸದೆ ನನ್ನನ್ನೇ ನೋಡುತ್ತಾ ಕೂತಿದ್ದ. ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಮರದ ಕೆಳಗೆ ನಿಂತು ನನ್ನ ನಕಲು ಮಾಡಿ ತೋರಿಸಿದ. ಹುಬ್ಬು ಏರಿಸಿದ, ಗಾಳಿಯಲ್ಲೇ ಮೇಜು ಗುದ್ದಿದ, ಆಮೇಲೆ ಕರ್ಚೀಫ್ ತೆಗೆದು ಕುತ್ತಿಗೆಯ ಹಿಂದೆ ಬೆವರು ಒರೆಸಿಕೊಂಡ. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಹೊತ್ತು ಕೂಗಾಡಿದ್ದರಲ್ಲಿ ಆ ಹುಡುಗನಿಗೆ ಸಿಕ್ಕಿದ್ದು ನನ್ನ ಕರ್ಚೀಫ್ ಅಷ್ಟೇ ಅಲ್ವಾ? ಇವತ್ತಿಗೂ ಅವರ ಕೈಭಾಷೆಯಲ್ಲಿ ನನ್ನ ಹೆಸರು ಅದೇ, ಕುತ್ತಿಗೆ ಒರೆಸಿಕೊಳ್ಳುವುದು. ಯಾರಿಗೆ ಯಾವ ಹೆಸರಿಡಬೇಕು ಅನ್ನುವುದು ಅವರ ಕೈಯಲ್ಲಿದೆ, ನಾವೇ ಇಟ್ಟುಕೊಂಡರೆ ನಡೆಯುವುದಿಲ್ಲ.

ಭಾಷೆ ಕಲಿತದ್ದು ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ. ಸಂಜೆ ಕೆಲಸ ಬಿಟ್ಟ ಮೇಲೆ ಕಿವಿ ಕೇಳದ ಹುಡುಗರು ಅಲ್ಲಿ ಸೇರುತ್ತಿದ್ದರು. ಎರಡು ವರ್ಷ ಚಹಾ ಕುಡಿದೆ. ಕನ್ನಡದ ವಾಕ್ಯವನ್ನು ಪದಕ್ಕೆ ಪದ ಕೈಗಿಳಿಸಿದರೆ ಆಯ್ತು ಅಂದುಕೊಂಡಿದ್ದೆ, ಹಾಗಲ್ಲ. ಭಾರತೀಯ ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ ಇದೆ. 'ಏನು', 'ಎಲ್ಲಿ' ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ, ಕಾಲ ಮೊದಲೇ ಬರುತ್ತದೆ, ಹುಬ್ಬು ಮೇಲೋ ಕೆಳಗೋ ಅನ್ನುವುದರ ಮೇಲೆ ಅರ್ಥವೇ ಬದಲಾಗುತ್ತದೆ. ಮುಖ ಸಪ್ಪೆ ಮಾಡಿಕೊಂಡು ಕೈ ಆಡಿಸಿದರೆ ಅವರಿಗೆ ನಿದ್ದೆ ಬರುತ್ತದೆ, ಬಂದರೆ ನಾಚಿಕೆಯಿಲ್ಲದೆ ಮಲಗಿಬಿಡುತ್ತಾರೆ.

ನಮ್ಮಲ್ಲಿ ಯಾರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವುದಿಲ್ಲ, ಮುಚ್ಚಿದರೆ ಪ್ರಾರ್ಥನೆ ಕಾಣುವುದಿಲ್ಲ. ಬೆಂಚು ಸಾಲಾಗಿ ಹಾಕುವುದಿಲ್ಲ, ಅರ್ಧ ಚಂದ್ರದ ಹಾಗೆ ಹಾಕುತ್ತೇವೆ. ಢೋಲಕ್ ಇದೆ, ಬೆಂಚಿನ ಮೇಲೆ ಅಂಗೈ ಇಟ್ಟು ಅದರ ಪೆಟ್ಟು ಹಿಡಿಯುತ್ತಾರೆ. ಕರೆಂಟ್ ಹೋದರೆ ಬೇರೆ ಸಭೆಗಳಲ್ಲಿ ಮೈಕ್ ಬಂದ್ ಆಗುತ್ತದೆ, ನಮ್ಮಲ್ಲಿ ಮಾತೇ ಬಂದ್.

ಭಾನುವಾರದ ಕೆಲಸ ಸುಲಭ. ಉಳಿದ ಆರು ದಿನ ಬ್ಯಾಂಕು, ಪೊಲೀಸ್ ಠಾಣೆ, ತಹಸೀಲ್ ಕಚೇರಿ, ಹೆಣ್ಣು ನೋಡುವ ಶಾಸ್ತ್ರ. ಯುಡಿಐಡಿ ಕಾರ್ಡಿಗಾಗಿ, ಅಂದರೆ ಅಂಗವಿಕಲರ ಗುರುತಿನ ಚೀಟಿಗಾಗಿ, ಓಡಾಟ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಗೆ 70 ಡೆಸಿಬೆಲ್ ನಷ್ಟ ಇದ್ದರೆ ಕಿವುಡು ಅಂತಿದೆ, ಅದನ್ನು ಪರೀಕ್ಷೆ ಮಾಡಿಸಿ ಕಾಗದದಲ್ಲಿ ತರಬೇಕು. ರಾತ್ರಿ ಹನ್ನೊಂದಕ್ಕೆ ವಿಡಿಯೋ ಕಾಲ್ ಬರುತ್ತದೆ, ಎದ್ದು ಲೈಟ್ ಹಾಕಬೇಕು, ಹೆಂಡತಿ ಬೈಯುತ್ತಾಳೆ.

ನನ್ನದೊಂದು ತಪ್ಪನ್ನೂ ಹೇಳುತ್ತೇನೆ. ಒಬ್ಬ ಹುಡುಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಅವಳನ್ನು ಬಿಟ್ಟು ನನ್ನನ್ನು ಕೇಳಿದರು, ಎಷ್ಟು ದಿನದಿಂದ ನೋವು ಅಂತ. ಹಿಂದೆ ಸಾಲು ಉದ್ದ ಇತ್ತು. ನಾನು ಅವಳ ಕಡೆ ತಿರುಗದೆ ಸುಮ್ನೆ "ಒಂದು ವಾರ ಸರ್" ಅಂದೆ. ನನ್ನ ತುಟಿ ನೋಡಿ ಅವಳಿಗೆ ತಿಳಿಯಿತು. ಹೊರಗೆ ಬಂದ ಮೇಲೆ ಅವಳು ಮಾಡಿದ ಸನ್ನೆ ಇನ್ನೂ ಕಣ್ಣ ಮುಂದಿದೆ: ಹೊಟ್ಟೆ ನನ್ನದು, ನೋವು ನನ್ನದು, ಬಾಯಿ ನಿಮ್ಮದು, ಯಾಕೆ? ನಾಲ್ಕು ತಿಂಗಳು ಸಭೆಗೆ ಬರಲಿಲ್ಲ. ಸಿಟ್ಟು ಸರಿಯಾಗಿಯೇ ಇತ್ತು. ನಿಮ್ಮ ಮಗನಿಗೆ ಕನಿಕರ ಜಾಸ್ತಿ ಇದ್ದರೆ ಈ ಕೆಲಸ ಬೇಡ. ಚಹಾದಂಗಡಿಯಲ್ಲಿ ಎರಡು ವರ್ಷ ಕೂರುವ ತಾಳ್ಮೆ ಇದ್ದರೆ ಕಳಿಸಿ. ಬೈಬಲ್ ಕಾಲೇಜು ಆಮೇಲೂ ಇರುತ್ತದೆ.

ಪ್ರಶ್ನೆ: "ನಂಬಿಕೆ ಕೇಳುವುದರಿಂದ ಬರುತ್ತದೆ" ಅಂತ ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಹಾಗಿದ್ದರೆ ಮೊದಲು ಕಿವಿ ಕೇಳಿಸಲಿ ಅಂತ ಪ್ರಾರ್ಥಿಸಬೇಕಲ್ಲವೇ? ನಮ್ಮ ಅಕ್ಕನ ಮಗನನ್ನು ಅಂಥ ಕೂಟಗಳಿಗೆ ಕರೆದೊಯ್ಯುತ್ತಿದ್ದೇವೆ.
(ಓದುಗರು, ಕಲಬುರಗಿ)

ಉತ್ತರ: ಆ ಒಂದು ವಚನ ಹಿಡಿದು ಕಿವುಡರನ್ನು ಬಹಳ ಕಾಲ ಹೊರಗೆ ನಿಲ್ಲಿಸಿದ್ದಾರೆ. ಮಾರ್ಕನ 7ನೇ ಅಧ್ಯಾಯ ಇನ್ನೊಮ್ಮೆ ಓದಿ. ಯೇಸು ಆ ಕಿವುಡನನ್ನು ಮೊದಲು ಗುಂಪಿನಿಂದ ಆಚೆ ಕರೆದುಕೊಂಡು ಹೋಗುತ್ತಾನೆ, ಕಿವಿಯಲ್ಲಿ ಬೆರಳಿಡುತ್ತಾನೆ, ನಾಲಿಗೆ ಮುಟ್ಟುತ್ತಾನೆ. ಬಾಯಿಮಾತು ಬರುವುದು ಆಮೇಲೆ. ಲೂಕನ 1ನೇ ಅಧ್ಯಾಯದಲ್ಲಿ ಮಾತು ನಿಂತ ಜಕರೀಯನಿಗೆ ಜನ ಸನ್ನೆ ಮಾಡಿಯೇ ಕೇಳುತ್ತಾರೆ, ಮಗುವಿಗೆ ಏನು ಹೆಸರಿಡಬೇಕು ಅಂತ. ಅವನು ಹಲಗೆ ತರಿಸಿ ಬರೆಯುತ್ತಾನೆ.

ನನಗೆ ಗೊತ್ತಿರುವ ಒಬ್ಬ ಹುಡುಗನನ್ನು ಐದು ಕೂಟಗಳಿಗೆ ಕರೆದೊಯ್ದಿದ್ದರು. ಪ್ರತಿ ಸಲ ಕಿವಿ ಒತ್ತಿ ಹಿಡಿದು, ಕೂಗಿ, ಕೇಳಿಸ್ತಾ ಅಂತ ಸನ್ನೆ ಮಾಡುತ್ತಿದ್ದರು. ಮೂರನೇ ಕೂಟಕ್ಕೆ ಅವನು ಜಾಣನಾದ, ಹೂಂ ಅಂತ ತಲೆ ಆಡಿಸಿದರೆ ಬಿಟ್ಟುಬಿಡುತ್ತಾರೆ ಅಂತ ಕಲಿತ. ಜನ ಚಪ್ಪಾಳೆ ತಟ್ಟಿದರು.

ಪ್ರಾರ್ಥನೆ ಬೇಡ ಅನ್ನುವ ಪಾಸ್ಟರ್ ನಾನಲ್ಲ. ಆದರೆ ಹುಡುಗ ಚಿಕ್ಕವನಾಗಿದ್ದರೆ ನಾಳೆಯೇ ಕಿವಿ ಡಾಕ್ಟರಿಗೆ ತೋರಿಸಿ, ಶಬ್ದಕ್ಕೆ ಕಿವಿಯ ನರ, ಮೆದುಳು ಸ್ಪಂದಿಸುತ್ತವಾ ಅಂತ ನೋಡುವ ಬೆರಾ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ದೂರ, ಆದರೂ ಹೋಗಿ ಬಂದವರು ಇದ್ದಾರೆ. ಮಷಿನ್ ಹಾಕಿದರೂ, ಆಪರೇಷನ್ ಮಾಡಿಸಿದರೂ ಸನ್ನೆ ಕಲಿಸುವುದನ್ನು ಬಿಡಬೇಡಿ, ಮಗುವಿಗೆ ಭಾಷೆ ಬೇಗ ಬೇಕು.

ಪ್ರಶ್ನೆ: ಇಂಥ ಸೇವೆ ಮೊದಲು ಶುರು ಮಾಡಿದವರು ಯಾರು?
(ವಿದ್ಯಾರ್ಥಿ, ಯಾದಗಿರಿ)

ಉತ್ತರ: ಮೊದಲಿಗರು ಇವರೇ ಅಂತ ಬೆರಳು ಮಾಡಿ ತೋರಿಸುವುದು ಕಷ್ಟ. ಹೆಸರಾದವರು ಪ್ಯಾರಿಸ್ಸಿನ ಪಾದ್ರಿ ಶಾರ್ಲ್ ಮಿಶೆಲ್ ದ ಲೆಪೆ (1712–1789). ಇಬ್ಬರು ಕಿವುಡ ಅಕ್ಕತಂಗಿಯರಿಗೆ ಪಾಠ ಹೇಳಲು ಹೋಗಿ ಅವರ ಸನ್ನೆಯನ್ನು ತಾವೇ ಕಲಿತರು, ಕಿವುಡರಿಗೆ ಶಾಲೆ ನಡೆಸಿದರು. ಆ ಸನ್ನೆಯಲ್ಲಿ ಫ್ರೆಂಚ್ ವ್ಯಾಕರಣವನ್ನೂ ತುರುಕಿದರು, ಆ ಮಾತು ಬೇರೆ. ಆ ಶಾಲೆಯ ಕಿವುಡ ಮೇಷ್ಟ್ರು ಲೋರಾಂ ಕ್ಲೆರ್ ಅವರನ್ನು ಥಾಮಸ್ ಹಾಪ್ಕಿನ್ಸ್ ಗ್ಯಾಲೊಡೆಟ್ ಅನ್ನುವ ಅಮೆರಿಕದ ಪಾದ್ರಿ ಕರೆದುಕೊಂಡು ಹೋಗಿ 1817ರಲ್ಲಿ ಹಾರ್ಟ್‌ಫರ್ಡಿನಲ್ಲಿ ಶಾಲೆ ತೆರೆದರು. ಹಡಗಿನಲ್ಲಿ ಒಬ್ಬರು ಸನ್ನೆ ಕಲಿತರು, ಇನ್ನೊಬ್ಬರು ಇಂಗ್ಲಿಷ್. ಗ್ಯಾಲೊಡೆಟ್ ಮಗ, ಅವರ ಹೆಸರೂ ಥಾಮಸ್, 1852ರಲ್ಲಿ ನ್ಯೂಯಾರ್ಕಿನಲ್ಲಿ ಕಿವುಡರ ಸಭೆ ಕಟ್ಟಿದರು.

ನನಗೆ ಇವರೆಲ್ಲರಿಗಿಂತ ಹತ್ತಿರ ಅಮೆರಿಕದ ಹೆನ್ರಿ ವಿಂಟರ್ ಸೈಲ್. ಅವರು ತಾವೇ ಕಿವುಡರು. ಇಂದ್ರಿಯ ಊನ ಇದ್ದವನಿಗೆ ದೀಕ್ಷೆ ಹೇಗೆ ಕೊಡುವುದು ಅಂತ ಕೆಲವರು ಅಡ್ಡ ಹಾಕಿದರು. ಆದರೂ 1876ರಲ್ಲಿ ಡೀಕನ್ (ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಸೇವಕ) ಆದರು, 1883ರಲ್ಲಿ ಎಪಿಸ್ಕೋಪಲ್ ಸಭೆಯ ಪಾದ್ರಿ ಆದರು. ಅದೇ ಹೊತ್ತಿಗೆ, 1880ರಲ್ಲಿ, ಮಿಲಾನ್‌ನಲ್ಲಿ ಮೇಷ್ಟ್ರುಗಳ ಸಮ್ಮೇಳನ ಸೇರಿ ಕಿವುಡ ಮಕ್ಕಳಿಗೆ ಬಾಯಿಮಾತೇ ಕಲಿಸಬೇಕು, ಸನ್ನೆ ಬೇಡ ಅಂತ ಠರಾವು ಮಾಡಿತ್ತು. ಕೈ ಆಡಿಸಿದರೆ ಏಟು ಕೊಡುವ ಶಾಲೆಗಳು ನಮ್ಮ ಕಾಲದಲ್ಲೂ ಇದ್ದವು.

ಪ್ರಶ್ನೆ: ಮೂಗ ಅನ್ನಬಹುದಾ?
(ಓದುಗರು, ಶಹಾಪುರ)

ಉತ್ತರ: ಬೇಡ. ಹೆಸರು ಕೇಳಿಕೊಂಡು ಹೆಸರಿನಿಂದ ಕರೆಯಿರಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಕನ್ನಡ, ಮರಾಠಿ, ಸಂತೆಯಲ್ಲಿ ಉರ್ದು. ಕಿವಿ ಕೇಳದ ತಮ್ಮನಿಗೆ ಯಾವ ಭಾಷೆಯ ಸನ್ನೆ ಕಲಿಸುವುದು? ನಿಮ್ಮ ಸಭೆ ನೋಡಲು ಬರಬಹುದಾ?
(ಒಬ್ಬ ಅಕ್ಕ, ಭಾಲ್ಕಿ)

ಉತ್ತರ: ಆ ಚಿಂತೆ ಬೇಡ ತಂಗಿ, ಕನ್ನಡದ ಸನ್ನೆ, ಮರಾಠಿಯ ಸನ್ನೆ ಅಂತ ಬೇರೆ ಬೇರೆ ಇಲ್ಲ. ಊರಿಂದೂರಿಗೆ ಒಂದಿಷ್ಟು ಪದ ಬದಲಾಗುತ್ತವೆ, ಅಷ್ಟೇ. ಭಾಲ್ಕಿಯ ಹುಡುಗ, ಗಡಿಯಾಚೆ ಉದಗೀರದ ಹುಡುಗ, ಜಹೀರಾಬಾದಿನ ಹುಡುಗ ಮೂವರೂ ನಮ್ಮಲ್ಲಿ ತಾಸುಗಟ್ಟಲೆ ಹರಟುತ್ತಾರೆ. ಜೊತೆಗೆ ಬಂದ ಕಿವಿ ಕೇಳುವ ನೆಂಟರು ಒಬ್ಬರಿಗೊಬ್ಬರು ಅರ್ಥವಾಗದೆ ಮೊಬೈಲ್ ನೋಡುತ್ತಾ ಕೂರುತ್ತಾರೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೋ ನಿಘಂಟಿನಲ್ಲಿ 10,000 ಪದ ಇವೆ, ಪುಕ್ಕಟೆ ನೋಡಬಹುದು. ದಿನಕ್ಕೆ ಐದು ಕಲಿಯಿರಿ, ಆದರೆ ತಮ್ಮನ ಜೊತೆ ಕೂತು ಕಲಿಯಿರಿ.

ಸಭೆಗೆ ಧಾರಾಳವಾಗಿ ಬನ್ನಿ, ಯಾವ ಧರ್ಮದವರಾದರೂ ಸರಿ. ಈಗ ಪ್ರಸಂಗ ಮಾಡುವುದು ಹೆಚ್ಚಾಗಿ ನಾನಲ್ಲ, ಬೇವಿನ ಮರದ ಕೆಳಗೆ ನನ್ನ ನಕಲು ಮಾಡಿದನಲ್ಲ, ಅವನು. ಕೈ ಬಹಳ ಜೋರು, ನನಗೇ ಒಮ್ಮೊಮ್ಮೆ ಹಿಡಿಯಲು ಆಗುವುದಿಲ್ಲ. ಮೊಬೈಲ್ ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ, ಕರೆಂಟ್ ಹೋದರೆ ಅವನ ಕೈಗೆ ಟಾರ್ಚ್ ಹಿಡಿಯಬೇಕಾಗುತ್ತದೆ.