ಅಜ್ಜಿಯ ಕಥೆ ಇಲ್ಲದಿದ್ದರೆ ಪುಡಿ ಮಾರಲು ಏನು ಬರೆಯಬೇಕು?

ನೀವು ಕೇಳಿದ್ದು ಇಷ್ಟು: ಮನೆಯಲ್ಲೇ ಸಾರಿನ ಪುಡಿ, ಚಟ್ನಿಪುಡಿ ಮಾಡಿ ಮಾರುತ್ತೀರಿ. ಎಲ್ಲರೂ "ಕಥೆ ಬರೀರಿ" ಅಂತಾರೆ. ಆದರೆ ನೀವು ಕಲಿತದ್ದು ಯೂಟ್ಯೂಬ್ ನೋಡಿ. ಸುಮ್ನೆ ಒಂದು ಅಜ್ಜಿಯ ಕಥೆ ಸೇರಿಸಿದರೆ ತಪ್ಪಾ?

ಸೇರಿಸಬೇಡಿ. ತಪ್ಪು, ಸರಿ ಆಮೇಲೆ. ಅದರಿಂದ ವ್ಯಾಪಾರವೇ ಆಗುವುದಿಲ್ಲ. ಈಗ ಯಾರ ಪ್ಯಾಕೆಟ್ ನೋಡಿದರೂ ಒಬ್ಬ ಅಜ್ಜಿ ಇದ್ದಾರೆ. ನಾನೂ ತುಮಕೂರಿನಲ್ಲಿ ಮನೆಯಿಂದ ಪುಡಿ ಮಾರುವವಳು. ಫೋನ್ ಮಾಡುವವರು ಕೇಳುವುದೇ ಬೇರೆ. ಖಾರ ಎಷ್ಟು? ಬಣ್ಣ ಹಾಕ್ತೀರಾ? ಬೆಳ್ಳುಳ್ಳಿ ಇದೆಯಾ? ಎಷ್ಟು ದಿನ ಇಡಬಹುದು? ಅಂಗಡಿಯದಕ್ಕಿಂತ ರೇಟು ಯಾಕೆ ಜಾಸ್ತಿ?

ಇವಕ್ಕೆ ಉತ್ತರ ಬರೆಯಿರಿ. ನಾನು ಬರೆದದ್ದು ಹೀಗೆ: "ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಬೇರೆ ಬಣ್ಣ ಹಾಕಿಲ್ಲ." ಬ್ಯಾಡಗಿ ಮೆಣಸಿನಕಾಯಿ ಕಡುಕೆಂಪು, ಖಾರ ಕಡಿಮೆ, 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಆಯಾ ಊರಿನ ವಿಶಿಷ್ಟ ಪದಾರ್ಥಕ್ಕೆ ಕೊಡುವ ಗುರುತು) ಕೂಡ ಸಿಕ್ಕಿದೆ. ಹೊಸ ಕಾಯಿ ಬಂದಾಗಲೇ ಕೊಂಡು, ಮಹಡಿಯ ಮೇಲೆ ಒಣಗಿಸಿ ಇಟ್ಟುಕೊಳ್ಳುತ್ತೇವೆ. ತೊಟ್ಟು ಬಿಡಿಸಲು ಪಕ್ಕದ ಬೀದಿಯ ಇಬ್ಬರು ಬರುತ್ತಾರೆ. ಹುರಿಯುವಾಗ ಘಾಟಿಗೆ ಮನೆಯವರೆಲ್ಲ ಸೀನುತ್ತಾ ಹೊರಗೆ ಓಡುತ್ತಾರೆ. ತೊಟ್ಟು, ಬಿಳಿಚಿದ ಕಾಯಿ ತೆಗೆದ ಮೇಲೆ ತೂಕ ಇಳಿಯುತ್ತದೆ. ರೇಟು ಯಾಕೆ ಜಾಸ್ತಿ ಅನ್ನುವುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ, ಅಲ್ವಾ?

ಚಟ್ನಿಪುಡಿಗೆ ಕೊಬ್ಬರಿ ಹಾಕುತ್ತೀರಾದರೆ ಅದನ್ನೂ ಹೇಳಿ. ಕೊಬ್ಬರಿಯ ಎಣ್ಣೆ ದಿನ ಕಳೆದಂತೆ ಕಮಟುತ್ತದೆ. "ತಿಪಟೂರಿನ ಕೊಬ್ಬರಿ ಹಾಕಿದ್ದೇವೆ, ಬೇಗ ಮುಗಿಸಿ, ಒದ್ದೆ ಚಮಚ ಹಾಕಬೇಡಿ" ಅಂದರೆ ಜನ ನಂಬುತ್ತಾರೆ.

ಯೂಟ್ಯೂಬ್ ವಿಷಯ ಮುಚ್ಚಿಡುವಂಥದ್ದೇನಲ್ಲ. ನೋಡಿ ಕಲಿತ ಮೇಲೆ ನೀವು ಏನು ಬದಲಾಯಿಸಿದಿರಿ? ಮೆಂತ್ಯ ಕಡಿಮೆ ಮಾಡಿದಿರಾ? ಹುಣಸೆಹಣ್ಣು ಒಣಗಿಸುವುದಕ್ಕೆ ಏನು ಉಪಾಯ ಹುಡುಕಿದಿರಿ? ಅದನ್ನು ಬರೆಯಿರಿ.

ಲಿಜ್ಜತ್ ಹಪ್ಪಳದವರನ್ನು ನೋಡಿ. ಅವರು ಶುರು ಮಾಡಿದ್ದು ಹೀಗೆ: 1959, ಮುಂಬೈನ ಗಿರ್ಗಾಂವ್, ಒಂದು ಕಟ್ಟಡದ ಮಹಡಿ, ಏಳು ಹೆಂಗಸರು, 80 ರೂಪಾಯಿ ಸಾಲ. ಅದರಲ್ಲಿ ಬಣ್ಣದ ಮಾತು ಒಂದೂ ಇಲ್ಲ. ಆದರೂ ಇವತ್ತಿಗೂ ಜನ ಹೇಳಿಕೊಳ್ಳುತ್ತಾರೆ.

ಇನ್ನೊಂದು ವಿಷಯ. "ಸಾಂಪ್ರದಾಯಿಕ", "ಅಪ್ಪಟ" ಎಂಬಂಥ ಮಾತುಗಳನ್ನು ಲೇಬಲ್ ಮೇಲೆ ಮನಸ್ಸಿಗೆ ಬಂದಂತೆ ಹಾಕುವ ಹಾಗಿಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳಲ್ಲಿ ಇದಕ್ಕೆ ಷರತ್ತುಗಳಿವೆ. ಪ್ರಿಂಟ್‌ಗೆ ಕೊಡುವ ಮೊದಲು ಒಮ್ಮೆ ಓದಿಕೊಳ್ಳಿ.

ಕಷ್ಟದ ಕಥೆಯನ್ನೂ ಹೇಳಲೇಬೇಕು ಎಂದೇನಿಲ್ಲ. ಗಂಡಸರು ಮಸಾಲೆ ಮಾರಿದರೆ ಯಾರೂ ಮನೆಯ ಸಂಕಟ ಕೇಳುವುದಿಲ್ಲ. ನಮ್ಮನ್ನು ಮಾತ್ರ ಕೇಳುತ್ತಾರೆ. ನಿಮಗೆ ಇಷ್ಟವಿದ್ದರೆ ಹೇಳಿ, ಇಲ್ಲದಿದ್ದರೆ ಬಿಡಿ. ಕೆಲಸಕ್ಕೆ ಬರುವವರ ಫೋಟೊ ಹಾಕುವುದಾದರೆ ಅವರನ್ನು ಕೇಳಿಯೇ ಹಾಕಿ.

ಬರೆಯುವುದನ್ನು ಒಂದೇ ಸಲಕ್ಕೆ ಮುಗಿಸಬೇಡಿ. ಮೆಣಸಿನಕಾಯಿ ಬದಲಾದಾಗ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾಲು ಹಾಕಿ: "ಈ ಸಲ ಖಾರ ಸ್ವಲ್ಪ ಜೋರು, ಅರ್ಧ ಚಮಚ ಕಡಿಮೆ ಹಾಕಿ." ನನಗೆ ಜಾಸ್ತಿ ಉತ್ತರ ಬರುವುದು, ಅದರ ಜೊತೆಗೇ ಆರ್ಡರ್ ಬರುವುದು, ಇಂಥ ಮೆಸೇಜಿಗೆ.