ಟೆನ್‌ವೀಲರ್ ಎಂಜಿನ್ನಿಗೆ ಯಾವ ಬೋಗಿ ಹೊಂದುತ್ತದೆ?

ಸರ್, ನಿಮ್ಮ ಪ್ರಶ್ನೆ ನೋಡಿದೆ. ಎಚ್‌ಒ ಸ್ಕೇಲಿನ, ಅಂದರೆ ನಿಜದ ರೈಲಿನ ಸುಮಾರು 87ನೇ ಒಂದು ಭಾಗದಷ್ಟು ಗಾತ್ರದ, ಅಮೆರಿಕನ್ 4-6-0 ಸ್ಟೀಮ್ ಎಂಜಿನ್ನಿನ ಮಾದರಿ ಕೊಂಡಿದ್ದೀರಿ, ಹಳಿಯ ತಿರುವು 457 ಮಿ.ಮೀ. ತ್ರಿಜ್ಯದ್ದು. ಈಗ ಬೆಳ್ಳಿಯ ಹಾಗೆ ಹೊಳೆಯುವ, ನಿಜಗಾತ್ರದಲ್ಲಿ 85 ಅಡಿಯ ಆರು ಸ್ಟ್ರೀಮ್‌ಲೈನ್ ಬೋಗಿಗಳ ಸೆಟ್ಟು ಕಣ್ಣಿಗೆ ಬಿದ್ದಿದೆ, ಕೊಳ್ಳಲೇ ಅಂತ ಕೇಳಿದ್ದೀರಿ. ಬೇಡ. ಸೆಟ್ಟು ಕೆಟ್ಟದ್ದು ಅಂತಲ್ಲ. ಅದು ನಿಮ್ಮ ಎಂಜಿನ್ನಿಗೂ ಸೇರುವುದಿಲ್ಲ, ನಿಮ್ಮ ತಿರುವಿಗೂ ಸೇರುವುದಿಲ್ಲ.

ಮುಂದೆ ಗೊಂದಲ ಆಗದಿರಲಿ ಅಂತ ಒಂದು ಮಾತು. ನಾವು ಬೋಗಿ ಅನ್ನುವುದು ಇಡೀ ಡಬ್ಬಿಗೆ. ಬ್ರಿಟಿಷ್ ಕ್ಯಾಟಲಾಗುಗಳಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗೆ ತಿರುಗುವ ಗಾಲಿಗಳ ಚೌಕಟ್ಟು ಮಾತ್ರ, ಅದನ್ನೇ ಅಮೆರಿಕದವರು ಟ್ರಕ್ ಅನ್ನುತ್ತಾರೆ. ಇದು ಗೊತ್ತಿಲ್ಲದೆ ನಾನೊಮ್ಮೆ ಡಬ್ಬಿ ಬರುತ್ತದೆ ಅಂತ ಕಾದು ಕೂತಿದ್ದೆ, ಪೊಟ್ಟಣ ಬಿಚ್ಚಿದರೆ ಬರೀ ಗಾಲಿ! ಇಲ್ಲಿ ಡಬ್ಬಿಗೆ ಬೋಗಿ, ಗಾಲಿ ಚೌಕಟ್ಟಿಗೆ ಟ್ರಕ್ ಅಂತಲೇ ಬರೆಯುತ್ತೇನೆ.

ಮೊದಲು ಎಂಜಿನ್ನಿನ ಕಸುಬು ತಿಳಿಯಬೇಕು. 4-6-0 ಅಂದರೆ ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಎಳೆಯುವ ಆರು ದೊಡ್ಡ ಗಾಲಿ, ಹಿಂದೆ ಏನೂ ಇಲ್ಲ. ಒಟ್ಟು ಹತ್ತು, ಅದಕ್ಕೇ ಟೆನ್‌ವೀಲರ್. 1890ರ ದಶಕದಲ್ಲಿ ಮುಖ್ಯ ಮಾರ್ಗದ ಎಕ್ಸ್‌ಪ್ರೆಸ್ಸುಗಳನ್ನೇ ಎಳೆಯುತ್ತಿದ್ದ ಜಾತಿ ಇದು. ಆಮೇಲೆ 4-6-2 ಪೆಸಿಫಿಕ್ ಬಂತು. ಅದರ ಹಿಂಗಾಲಿಗಳ ಮೇಲೆ ಅಗಲವಾದ ಬೆಂಕಿಗೂಡು ಕೂರಿಸಬಹುದಿತ್ತು, ಹೆಚ್ಚು ಉಗಿ ಸಿಗುತ್ತಿತ್ತು. ಬೋಗಿಗಳು ಮರದಿಂದ ಉಕ್ಕಿಗೆ ಬದಲಾಗಿ ಭಾರ ಏರಿದ್ದೂ ಅದೇ ಕಾಲದಲ್ಲಿ. ಹೀಗಾಗಿ ಟೆನ್‌ವೀಲರುಗಳು ನಿಧಾನವಾಗಿ ಕವಲು ಮಾರ್ಗಗಳಿಗೆ ಸರಿದವು. ಅಲ್ಲಿ ಎರಡು ಮೂರು ಬೋಗಿ ಎಳೆದುಕೊಂಡು, ಡೀಸೆಲ್ ಬಂದು ಎಬ್ಬಿಸುವ ತನಕ, ಕೆಲವು ಕಡೆ 1950ರ ದಶಕದವರೆಗೂ ಬಾಳಿದವು.

ಹೊಳೆಯುವ ಬೋಗಿಗಳ ಕಥೆ ಬೇರೆ. ಸ್ಟೇನ್‌ಲೆಸ್ ಸ್ಟೀಲಿನ ಬರ್ಲಿಂಗ್ಟನ್ ಝೆಫಿರ್ ಓಡಿದ್ದು 1934ರಲ್ಲಿ, ಅದೂ ಡೀಸೆಲ್ ಗಾಡಿ. ಸ್ಟೀಮಿನ ಹಿಂದೆ ಅಂಥ ನಯವಾದ ಬೋಗಿ ಬಂದಾಗ ಮುಂದೆ ನಿಂತದ್ದು 1938ರ ನ್ಯೂಯಾರ್ಕ್ ಸೆಂಟ್ರಲ್‌ನ ಕವಚ ತೊಟ್ಟ 4-6-4 ಹಡ್ಸನ್, ಸದರ್ನ್ ಪೆಸಿಫಿಕ್‌ನ ಡೇಲೈಟ್ ಗಾಡಿ ಎಳೆದ 4-8-4 ಇಂಥ ದೈತ್ಯರು. ನಿಮ್ಮ ಟೆನ್‌ವೀಲರ್ ಟೆಂಡರು (ಕಲ್ಲಿದ್ದಲು, ನೀರು ಹೊರುವ ಹಿಂಬಂಡಿ) ಸೇರಿ ನಿಜಗಾತ್ರದಲ್ಲಿ 60–65 ಅಡಿ ಇದ್ದೀತು. ಅದರ ಹಿಂದೆ 85 ಅಡಿಯ ಆರು ಬೋಗಿ ಅಂದರೆ ಆಡಿನ ಕೊರಳಿಗೆ ಎತ್ತಿನ ಬಂಡಿ ಕಟ್ಟಿದ ಹಾಗೆ.

ಎಂಜಿನ್ನಿನ ಸ್ವಭಾವ ಇನ್ನೂ ನಿಖರವಾಗಿ ಬೇಕಿದ್ದರೆ ದೊಡ್ಡ ಗಾಲಿಯ ವ್ಯಾಸ ಅಳೆಯಿರಿ. ಎಚ್‌ಒದಲ್ಲಿ 1 ಅಡಿಗೆ 3.5 ಮಿ.ಮೀ. 18 ಮಿ.ಮೀ. ಆಸುಪಾಸು ಬಂದರೆ ನಿಜಗಾತ್ರದಲ್ಲಿ ಸುಮಾರು 63 ಇಂಚಿನ ಗಾಲಿ: ಸರಕು, ಪ್ರಯಾಣಿಕರು ಎರಡಕ್ಕೂ ಒಗ್ಗುವ ಎಂಜಿನ್. 21 ಮಿ.ಮೀ. ದಾಟಿದರೆ ಓಟಕ್ಕೆಂದೇ ಕಟ್ಟಿದ್ದು. ಫೋಟೋದಲ್ಲಿ ಕಾಣುವ ಹಾಗೆ ನಿಮ್ಮದರ ದೀಪ ಚಿಕ್ಕದು, ವಿದ್ಯುತ್ತಿನದು. ಗಾಲಿಗಳ ಹೊರಗಡೆಯೇ ವಾಲ್ವ್ ಗೇರಿನ (ಸಿಲಿಂಡರಿಗೆ ಉಗಿ ಬಿಡುವುದನ್ನು ನಡೆಸುವ ಯಂತ್ರದ) ಸರಳುಗಳಿವೆ. ಡಬ್ಬದಂಥ ದೊಡ್ಡ ಎಣ್ಣೆದೀಪ ಇದ್ದಿದ್ದರೆ 1900ರ ಹಿಂದಕ್ಕೆ ಹೋಗಿ ಎನ್ನುತ್ತಿದ್ದೆ. ಇದು ಇರುವ ಹಾಗೆ 1920–40ರ ಕವಲು ಮಾರ್ಗಕ್ಕೆ ಹೇಳಿ ಮಾಡಿಸಿದ ಎಂಜಿನ್.

ಆ ಕಾಲದ ಬೋಗಿ ಗುರುತಿಸಲು ಹೆಸರಿಗಿಂತ ಮೈ ನೋಡಬೇಕು. ಹೊಟ್ಟೆಯ ಕೆಳಗೆ, ನಡು ಜಗ್ಗದಂತೆ ಉದ್ದಕ್ಕೂ ಬಿಗಿದ ಸರಳುಗಳು, ಅಂದರೆ ಟ್ರಸ್ ರಾಡ್‌ಗಳಿದ್ದರೆ ಮರದ ಬೋಗಿ. ಎರಡೂ ತುದಿಯಲ್ಲಿ ಕಟಾಂಜನದ ತೆರೆದ ಜಗಲಿ ಇದ್ದರೆ ಇನ್ನೂ ಹಳೆಯದು. ಆ ಜಗಲಿಯ ಬದಲು ತುದಿಯಲ್ಲಿ ಮುಚ್ಚಿದ ಪಡಸಾಲೆ, ಅಂದರೆ ವೆಸ್ಟಿಬ್ಯೂಲ್, ಪುಲ್‌ಮನ್ ಕಂಪನಿಯಿಂದ ಬಂದದ್ದು 1887ರಲ್ಲಿ. ಚಾವಣಿಯ ನಡುಭಾಗ ಎತ್ತರಿಸಿ ಅದರ ಪಕ್ಕಕ್ಕೆ ಸಾಲು ಕಿರುಕಿಟಕಿ ಇಟ್ಟಿದ್ದರೆ ಅದು ಕ್ಲಿಯರ್‌ಸ್ಟೋರಿ. ಇದು ಮರದ ಬೋಗಿಯಲ್ಲೂ ಇತ್ತು, ಆಮೇಲಿನ ಉಕ್ಕಿನ ಹೆವಿವೇಟ್‌ನಲ್ಲೂ ಇತ್ತು, ಹಾಗಾಗಿ ಚಾವಣಿಯೊಂದನ್ನೇ ನಂಬಬೇಡಿ. ಪೆನ್ಸಿಲ್ವೇನಿಯಾ ರೈಲ್ವೆ ಉಕ್ಕಿನ ಬೋಗಿಗೆ ಕೈಹಾಕಿದ್ದು 1907ರ ಸುಮಾರಿಗೆ, ನ್ಯೂಯಾರ್ಕಿನ ಸುರಂಗಗಳೊಳಗೆ ಮರದ ಬೋಗಿಗೆ ಬೆಂಕಿ ಬಿದ್ದರೆ ಗತಿಯೇನು ಅನ್ನುವ ಭಯದಿಂದ. ಪುಲ್‌ಮನ್‌ನ ಉಕ್ಕಿನ ಸ್ಲೀಪರುಗಳು, ಅಂದರೆ ಮಲಗುವ ಬೋಗಿಗಳು, 1910ರಿಂದ ದಂಡಿಯಾಗಿ ಬಂದವು. ಅವುಗಳಲ್ಲಿ ಟ್ರಕ್ಕಿಗೆ ಆರು ಗಾಲಿ, ನೆಲಕ್ಕೆ ಕಾಂಕ್ರೀಟು. ಹೆವಿವೇಟ್ ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ.

ಇನ್ನು ತಿರುವು. ಇದನ್ನು ಅಂಗಡಿಯವರು ಹೇಳುವುದಿಲ್ಲ, ಪೆಟ್ಟಿಗೆಯ ಮೇಲೆ 457ರಲ್ಲಿ ಓಡುತ್ತದೆ ಅಂತಷ್ಟೇ ಇರುತ್ತದೆ. ಓಡುತ್ತದೆ ನಿಜ, ಹೇಗೆ ಅನ್ನುವುದು ಪ್ರಶ್ನೆ. 85 ಅಡಿಯ ಬೋಗಿ ಎಚ್‌ಒದಲ್ಲಿ ಸುಮಾರು 297 ಮಿ.ಮೀ. ಅದರ ಎರಡು ಟ್ರಕ್ಕುಗಳ ನಡುವೆ ಸುಮಾರು 208 ಮಿ.ಮೀ. ಆ ಅಂತರವನ್ನು ಅದರಿಂದಲೇ ಗುಣಿಸಿ, ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಬೋಗಿಯ ನಡು ತಿರುವಿನ ಒಳಕ್ಕೆ ಎಷ್ಟು ಸರಿಯುತ್ತದೆ ಅನ್ನುವುದು ಸಿಗುತ್ತದೆ. ನಿಮ್ಮ ತಿರುವಿನಲ್ಲಿ ಅದು ಹತ್ತಿರ ಹತ್ತಿರ 12 ಮಿ.ಮೀ. ತುದಿಗಳು ಹೊರಕ್ಕೆ ಚಾಚುವುದೂ ಅಷ್ಟೇ. ಬೋಗಿಯ ಅಗಲವೇ 35 ಮಿ.ಮೀ. ಅನ್ನುವುದು ನೆನಪಿರಲಿ. ಪಕ್ಕದಲ್ಲಿ 50 ಮಿ.ಮೀ. ದೂರಕ್ಕೆ ಇನ್ನೊಂದು ಹಳಿ ಇದ್ದು, ಅದರ ಮೇಲೂ ಉದ್ದದ ಬೋಗಿ ಬಂದರೆ ಎರಡೂ ತಾಗುತ್ತವೆ. 50 ಅಡಿಯ ಬೋಗಿಯಲ್ಲಿ ಇದೇ ಲೆಕ್ಕ ಹಾಕಿ, ನಡು ಒಳಕ್ಕೆ ಸರಿಯುವುದು ಬರೀ 4 ಮಿ.ಮೀ.

ಈ ಲೆಕ್ಕ ನನಗೆ ಮೊದಲೇ ಗೊತ್ತಿರಲಿಲ್ಲ. ಐದು ಉದ್ದದ ಬೋಗಿ ತಂದು ಖುಷಿಯಲ್ಲಿ ಓಡಿಸಿದೆ. ಮೊದಲ ಸುತ್ತಿನಲ್ಲಿ ಸುರಂಗದ ಬಾಯಿಗೆ ತಗುಲಿ ಪ್ಲಾಸ್ಟರ್ ಉದುರಿತು. ಅದನ್ನು ಕೆತ್ತಿ ಸರಿಮಾಡಿದೆ. ಎರಡನೆಯ ಸುತ್ತಿನಲ್ಲಿ ಏರಿನ ತಿರುವಿಗೆ ಬಂದಾಗ ಮುಂದಿನ ಎಳೆತ, ಹಿಂದಿನ ಭಾರ ಎರಡೂ ಸೇರಿ ನಡುವಿನ ಹಗುರ ಬೋಗಿಯನ್ನು ದಾರ ಎಳೆದ ಹಾಗೆ ಒಳಕ್ಕೆ ಎಳೆದು ಮಲಗಿಸಿಬಿಟ್ಟವು. ಆ ಸೆಟ್ಟು ಈಗ ಗಾಜಿನ ಕಪಾಟಿನಲ್ಲಿ ಶೋಭಿಸುತ್ತಿದೆ.

ಕಪ್ಲರ್, ಅಂದರೆ ಬೋಗಿಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿ, ಬೋಗಿಯ ಮೈಗೆ ಕೂತಿದ್ದರೆ ತಿರುವಿನ ತ್ರಿಜ್ಯ ಬೋಗಿಯ ಉದ್ದದ ಮೂರು ಪಟ್ಟಾದರೂ ಇರಲಿ ಅನ್ನುವುದು ಹಳಬರ ಲೆಕ್ಕ, ನೋಡಲು ಚೆಂದ ಬೇಕಿದ್ದರೆ ನಾಲ್ಕು. ನಿಮ್ಮ 457ರಲ್ಲಿ 50 ಅಡಿಯ ಬೋಗಿ, ಅಂದರೆ 175 ಮಿ.ಮೀ., ಆ ಲೆಕ್ಕಕ್ಕೆ ಸ್ವಲ್ಪ ಉದ್ದವೇ ಆಯಿತು. ಹಾಗಾಗಿ ಕಪ್ಲರ್ ಟ್ರಕ್ಕಿಗೇ ಕೂತಿರುವ ಬೋಗಿ ನೋಡಿ, ಅದು ತಿರುವಿನೊಂದಿಗೆ ತಾನೂ ತಿರುಗುತ್ತದೆ. ಒಂದೇ ತೊಂದರೆ: ಹಿಮ್ಮುಖವಾಗಿ ತಳ್ಳುವಾಗ ಟ್ರಕ್ ಓರೆಯಾಗಿ ಹಳಿ ತಪ್ಪುತ್ತದೆ. ತಳ್ಳುವುದಿದ್ದರೆ ಎರಡೇ ಬೋಗಿ, ಅದೂ ಆಮೆಯ ಹಾಗೆ.

ಭಾರದ ವಿಷಯ. ಅಮೆರಿಕದ ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಎಚ್‌ಒ ಬೋಗಿಗೆ ಹೇಳುವ ತೂಕ 1 ಔನ್ಸು, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸು. 50 ಅಡಿಯ ಬೋಗಿಗೆ ಸುಮಾರು 126 ಗ್ರಾಂ, ಮೂರಕ್ಕೆ 380ರ ಹತ್ತಿರ. ನೀವು ಕೇಳಿದ ಆರು ಬೋಗಿಗೆ 1,160 ಗ್ರಾಂ ದಾಟುತ್ತದೆ. ಸಣ್ಣ ಟೆನ್‌ವೀಲರ್ ಸಪಾಟಿನಲ್ಲಿ ಹೇಗೋ ಎಳೆದರೂ ಏರಿನಲ್ಲಿ ನಿಂತಲ್ಲೇ ಗಾಲಿ ತಿರುಗಿಸುತ್ತದೆ. ಕೊಂಡ ಬೋಗಿಯನ್ನು ಹೀಗೆ ಪರೀಕ್ಷಿಸಿ: ಹಲಗೆಯ ಮೇಲೆ 1 ಮೀಟರ್ ಹಳಿ ಹಾಕಿ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಿ. 2 ಸೆಂ.ಮೀ. ಎತ್ತುವಷ್ಟರಲ್ಲಿ ತಾನಾಗಿ ಉರುಳಿದರೆ ಒಳ್ಳೆಯ ಬೋಗಿ. 4 ಸೆಂ.ಮೀ. ಬೇಕಾಯಿತೆಂದರೆ, ಅದು ಸಪಾಟಿನಲ್ಲೇ ಎರಡು ಬೋಗಿಯಷ್ಟು ಎಳೆತ ತಿನ್ನುತ್ತದೆ. ಒಳಗೆ ದೀಪ ಇರುವ ಬೋಗಿಗಳಲ್ಲಿ ಕರೆಂಟು ಹಿಡಿಯುವ ತಗಡು ಗಾಲಿಗೆ ಒತ್ತಿ ಈ ರೋಗ ಹೆಚ್ಚು. ತಗಡನ್ನು ಸ್ವಲ್ಪ ಸಡಿಲಿಸಿ, ಪ್ಲಾಸ್ಟಿಕ್ ಗಾಲಿಯಿದ್ದರೆ ಲೋಹದ್ದು ಹಾಕಿ.

ಹಾಗಾದರೆ ಏನು ಕೊಳ್ಳಬೇಕು? ನಾನಾದರೆ ಮೊದಲು ಒಂದು ಕಾಂಬೈನ್ ತರುತ್ತೇನೆ, ಅರ್ಧ ಲಗೇಜು, ಅರ್ಧ ಸೀಟು ಇರುವ ಬೋಗಿ. ಎಷ್ಟೋ ಕವಲು ಮಾರ್ಗಗಳಲ್ಲಿ ಇಡೀ ಪ್ಯಾಸೆಂಜರ್ ಗಾಡಿ ಅಂದರೆ ಒಂದು ಎಂಜಿನ್, ಒಂದು ಕಾಂಬೈನ್, ಅಷ್ಟೇ. ಆಮೇಲೆ ಒಂದು ಕೋಚ್, ಮನಸ್ಸಿದ್ದರೆ ಅಂಚೆ ಬೋಗಿ. ಜೋಡಿಸುವಾಗ ಅಂಚೆ, ಲಗೇಜು ಎಂಜಿನ್ ಕಡೆಗೆ, ಪ್ರಯಾಣಿಕರು ಹಿಂದಕ್ಕೆ. ರೌಂಡ್‌ಹೌಸ್ ಹೆಸರಿನ ಹಳೆಯ 50 ಅಡಿ ಓವರ್‌ಲ್ಯಾಂಡ್ ಮರದ ಬೋಗಿಗಳು ಸಿಕ್ಕರೆ ಬಿಡಬೇಡಿ. ಎಂಜಿನ್ ಮೇಲೆ ಯೂನಿಯನ್ ಪೆಸಿಫಿಕ್ ಅಥವಾ ಸದರ್ನ್ ಪೆಸಿಫಿಕ್ ಅಂತ ಇದ್ದರೆ ದುಂಡು ಚಾವಣಿಯ 60 ಅಡಿ ಹ್ಯಾರಿಮನ್ ಮಾದರಿಯ ಉಕ್ಕಿನ ಬೋಗಿ ಇನ್ನೂ ಸರಿ, ಆದರೆ ಅದಕ್ಕೆ ತಿರುವಿನ ತ್ರಿಜ್ಯವನ್ನು 559 ಮಿ.ಮೀ.ಗಾದರೂ ಹಿಗ್ಗಿಸಿ. ಮರ, ಉಕ್ಕು ಬೆರೆಸಿದರೆ ಮರದ್ದನ್ನು ಎರಡು ಉಕ್ಕಿನ ನಡುವೆ ಸಿಕ್ಕಿಸಬೇಡಿ. ಅಪಘಾತವಾದರೆ ಮರದ ಬೋಗಿ ಅಪ್ಪಚ್ಚಿಯಾಗುತ್ತದೆ ಅಂತ ನಿಜದ ರೈಲ್ವೆಗಳೂ ಅದನ್ನು ತಪ್ಪಿಸುತ್ತಿದ್ದವು. ಬಾಲಕ್ಕೆ ಅಬ್ಸರ್ವೇಶನ್ (ಹೊರಗಿನ ನೋಟ ನೋಡುತ್ತಾ ಕೂರುವ) ಬೋಗಿ ಬೇಡವೇ ಬೇಡ, ಅದು ದೂರದ ದೊಡ್ಡ ಗಾಡಿಗಳ ಆಭರಣ.

ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆ ಕಾಲದ ಬಹುಪಾಲು ಬೋಗಿಗಳು ಕಡುಹಸಿರು. ಪೆನ್ಸಿಲ್ವೇನಿಯಾದ ಕಡುಗೆಂಪು ಇಂಥವು ಬೇರೆ. ಪುಲ್‌ಮನ್ ಸ್ಲೀಪರುಗಳಂತೂ ಕಂಪನಿಯ ಸ್ವಂತ ಆಸ್ತಿ, ಯಾವ ರೈಲ್ವೆಯ ಎಂಜಿನ್ ಹಿಂದೆ ಬೇಕಾದರೂ ಬರುತ್ತಿದ್ದವು. ಮುಂದೆ ತಿರುವು ದೊಡ್ಡದು ಮಾಡಿ ಪೆಸಿಫಿಕ್ ಕೊಂಡ ದಿನ, ಒಂದು ಹಸಿರು ಪುಲ್‌ಮನ್ ತಂದರೆ ಯಾರೂ ತಪ್ಪು ಹಿಡಿಯಲಾರರು.

ದೊಡ್ಡ ಗಾಲಿಯ ಅಳತೆ, ಟೆಂಡರಿನ ಮೇಲಿನ ಅಕ್ಷರ ಏನು ಅಂತ ಇಲ್ಲೇ ಬರೆಯಿರಿ. ಕಾಂಬೈನ್ ಕೊಳ್ಳುವ ಮುಂಚೆ ಎಂಜಿನ್ನಿನ ಕಪ್ಲರ್ ಯಾವ ಜಾತಿಯದು ಅಂತಲೂ ನೋಡಿ. ಹಳೆಯ ಕೊಕ್ಕೆಯ ಪ್ಲಾಸ್ಟಿಕ್ ಕಪ್ಲರ್ ಇದ್ದರೆ ಬೋಗಿಯ ಜೊತೆಗೇ ಒಂದು ಜೊತೆ ಕೇಡೀ ಕಂಪನಿಯ ಕಪ್ಲರ್ ತರಿಸಿಬಿಡಿ.