ಗ್ಲಾಸ್ ಮೇಲೆ ಬಿಳಿ ಹುಳ ಕಂಡ್ರೆ ಮೊದ್ಲು ಅದರ ತಲೆ ನೋಡಿ

ಮನೇಲಿ ಮೀನಿನ ಅಕ್ವೇರಿಯಂ ಇಟ್ಟಿರೋರಿಂದ ನನಗೆ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದೇ, "ಸರ್ ಟ್ಯಾಂಕಲ್ಲಿ ಬಿಳಿ ಹುಳ ಬಂದಿದೆ, ಏನು ಹಾಕ್ಲಿ?" ಏನು ಹಾಕ್ಲಿ ಅಂತ ಕೇಳೋರೇ ಎಲ್ಲ, ಇದು ಯಾವ ಹುಳ ಅಂತ ಕೇಳೋರು ಒಬ್ರೂ ಇಲ್ಲ. ಅದಕ್ಕೇ ಈ ಸಲ ಹುಳದ ವಿಷ್ಯ ಒಂದನ್ನೇ ಇಟ್ಕೊಂಡು ಬರೀತಿದೀನಿ. ನೀರು ಬದಲಾಯಿಸೋದು, ನೀರಿನ ಕ್ಲೋರಿನ್ ತೆಗೆಯೋ ಆಂಟಿಕ್ಲೋರಿನ್ ಹಾಕೋದು ಇದೆಲ್ಲ ನಿಮಗೆ ಗೊತ್ತಿದೆ ಅಂತಲೇ ಅಂದ್ಕೊಳ್ತೀನಿ.

ಪ್ರಶ್ನೆ: ಜೆಪಿ ನಗರದಲ್ಲಿ ನಮ್ಮನೆ, 60 ಲೀಟರ್ ಟ್ಯಾಂಕ್, ಗಿಡ ಇದೆ, ಚೆರ್ರಿ ಶ್ರಿಂಪ್ (ಪುಟ್ಟ ಸಿಗಡಿ) ಮತ್ತೆ ಗಪ್ಪಿ ಮೀನು ಇವೆ. ರಾತ್ರಿ ಲೈಟ್ ಆಫ್ ಮಾಡಿದ್ಮೇಲೆ ಗ್ಲಾಸ್ ಮೇಲೆ ಬಿಳಿ ಹುಳ ಓಡಾಡುತ್ತೆ, ಶ್ರಿಂಪ್ ಮರಿ ಒಂದೂ ಉಳೀತಿಲ್ಲ. ಅಂಗಡಿಯವ್ರು ಉಪ್ಪು ಹಾಕಿ ಅಂದ್ರು, ತೀರ್ಥಹಳ್ಳಿಯಿಂದ ಬಂದಿರೋ ಮಾವ ಅಡಿಕೆ ಬೇಯಿಸಿದ ನೀರು ಹಾಕು ಅಂತಿದಾರೆ. ಯಾವುದು ಮಾಡ್ಲಿ?

ಎರಡೂ ಬೇಡ. ರಾತ್ರಿ ಟಾರ್ಚ್ ಹಿಡ್ಕೊಂಡು ಕೂತ್ಕೊಳ್ಳಿ, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ. ಕೂದಲಿನ ಹಾಗೆ ತೆಳ್ಳಗಿದ್ದು, ನೀರಲ್ಲಿ ಅಡ್ಡಾದಿಡ್ಡಿ ಬಳುಕ್ತಾ ಈಜ್ತಿದ್ರೆ ಅದು ಡೆಟ್ರೈಟಸ್ ವರ್ಮ್, ಯಾರಿಗೂ ಏನೂ ಮಾಡಲ್ಲ, ನೀವು ಹಾಕಿ ಮಿಕ್ಕಿದ ಫುಡ್ ತಿಂದ್ಕೊಂಡು ತಳದ ಗ್ರಾವೆಲ್ (ಸಣ್ಣ ಕಲ್ಲು) ಒಳಗೆ ಇರುತ್ತೆ. ಅದು ಮೇಲೆ ಬಂದು ಕಾಣಿಸ್ಕೊಳ್ತಿದೆ ಅಂದ್ರೆ ಒಂದೋ ಕೆಳಗಡೆ ಆಕ್ಸಿಜನ್ ಕಮ್ಮಿ ಆಗಿದೆ, ಇಲ್ಲಾ ಫುಡ್ ಹಾಕೋದ್ರಲ್ಲಿ ನಿಮ್ಮ ಕೈ ದೊಡ್ಡದು. ಎರಡು ದಿನ ಫುಡ್ ನಿಲ್ಲಿಸಿ, ಗ್ರಾವೆಲ್ ಸೈಫನ್ ಮಾಡಿ (ಪೈಪಲ್ಲಿ ತಳದ ಕೊಳೆ ಎಳೆದು ತೆಗೀರಿ), ಅಷ್ಟೇ. ನನಗೆ ಬರೋ ಫೋಟೋಗಳಲ್ಲಿ ಹೆಚ್ಚಿನವು ಇವೇ, ಜನ ಇದಕ್ಕೆ ಸಿಕ್ಕ ಸಿಕ್ಕ ಔಷಧಿ ಸುರಿದು ಮೀನು ಸಾಯಿಸಿ ಆಮೇಲೆ ಕೇಳ್ತಾರೆ.

ಆದ್ರೆ ನಿಮ್ದು ಗ್ಲಾಸಿಗೆ ಅಂಟ್ಕೊಂಡು, ಬಳುಕದೆ, ನುಣ್ಣಗೆ ಜಾರ್ತಾ ಹೋಗ್ತಿದ್ದು, ತಲೆ ಬಾಣದ ತುದಿ ಥರ ತ್ರಿಕೋನ, ಅದರಲ್ಲಿ ಎರಡು ಕಪ್ಪು ಚುಕ್ಕೆ ಕಣ್ಣು ಕಂಡ್ರೆ ಅದು ಪ್ಲನೇರಿಯಾ. ಅದು ಮಾಂಸ ತಿನ್ನೋ ಹುಳ, ಶ್ರಿಂಪ್ ಮರಿ, ಈಗಷ್ಟೇ ಪೊರೆ ಬಿಟ್ಟ ಶ್ರಿಂಪ್ ಸಿಕ್ರೆ ಬಿಡಲ್ಲ. (ಮರಿ ಮಾಯ ಆಗೋಕೆ ಗಪ್ಪಿನೂ ಕಾರಣ ಇರುತ್ತೆ, ಬಾಯಿಗೆ ಹಿಡಿಸೋದನ್ನೆಲ್ಲ ತಿನ್ನುತ್ತೆ ಅದು, ಎಲ್ಲಾ ತಪ್ಪೂ ಹುಳದ ತಲೆ ಮೇಲೆ ಹಾಕ್ಬೇಡಿ.) ಬೆರಳಲ್ಲಿ ಗ್ಲಾಸಿಗೆ ಒತ್ತಿ ಸಾಯಿಸೋ ಪ್ರಯತ್ನ ದಯವಿಟ್ಟು ಬೇಡ. ತುಂಡು ಮಾಡಿದ್ರೆ ಒಂದೊಂದು ತುಂಡೂ ಹೊಸ ಹುಳ ಆಗುತ್ತೆ, ಮಾರ್ಗನ್ ಅನ್ನೋ ವಿಜ್ಞಾನಿ ನೂರು ವರ್ಷಕ್ಕೂ ಹಿಂದೆಯೇ ಇದರ 279ನೇ ಒಂದು ಭಾಗದಿಂದ ಪೂರ್ತಿ ಹುಳ ಬೆಳೆಯೋದನ್ನ ತೋರಿಸಿದ್ರು.

ಉಪ್ಪಿನ ವಿಷ್ಯ. ಗಿಡ, ಶ್ರಿಂಪ್ ತಡ್ಕೊಳ್ಳೋಷ್ಟು ಉಪ್ಪಿಗೆ ಪ್ಲನೇರಿಯಾ ಸಾಯಲ್ಲ, ಪ್ಲನೇರಿಯಾ ಸಾಯೋಷ್ಟು ಹಾಕಿದ್ರೆ ಗಿಡ, ಶ್ರಿಂಪ್ ಉಳಿಯೋದು ಕಷ್ಟ. ಅಂಗಡಿಯವ್ರಿಗೆ ಎಲ್ಲಾ ಕಾಯಿಲೆಗೂ ಉಪ್ಪೇ.

ನಿಮ್ಮ ಮಾವ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ಅಪಾಯ. ಪ್ಲನೇರಿಯಾಗೆ ಅಂತ ಮಾರೋ ಕೆಲವು ಪೌಡರ್‌ಗಳಲ್ಲಿ ಇರೋದು ಅಡಿಕೆ ಸಾರವೇ, ಅದರಲ್ಲಿರೋ ಅರೆಕೋಲಿನ್ ಅನ್ನ ಹಿಂದೆ ನಾಯಿಗಳ ಲಾಡಿಹುಳಕ್ಕೂ ಕೊಡ್ತಿದ್ರು. ಆದ್ರೆ ಪ್ಯಾಕೆಟ್ ಪೌಡರಿಗೆ ಒಂದು ಅಳತೆ ಇದೆ, ನಿಮ್ಮ ಪಾತ್ರೆಯಲ್ಲಿರೋ ಚೊಗರಿಗೆ ಏನಿದೆ? ಹಸಿ ಅಡಿಕೆನೋ, ಒಣಗಿಸಿದ ಚಾಲಿನೋ, ಎಷ್ಟು ಹೊತ್ತು ಬೆಂದಿದೆ, ಅದರ ಮೇಲೆ ಅರೆಕೋಲಿನ್ ಎಷ್ಟು ಅನ್ನೋದು ಬದಲಾಗುತ್ತೆ, ಜೊತೆಗೆ ನೀರೆಲ್ಲ ಕಂದು ಬಣ್ಣಕ್ಕೆ ತಿರುಗುತ್ತೆ. ಅಡಿಕೆ ಮಾವನ ಎಲೆ ಚೀಲದಲ್ಲೇ ಇರ್ಲಿ.

ನಾನು ಹೇಳೋದು ಫೆನ್‌ಬೆಂಡಜೋಲ್, ನಾಯಿ ದನಕ್ಕೆ ಕೊಡೋ ಜಂತುಹುಳದ ಔಷಧಿ, ವೆಟರ್ನರಿ ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಲೇಬಲ್ ಓದಿ, ಬರೀ ಫೆನ್‌ಬೆಂಡಜೋಲ್ ಇರೋದೇ ತಗೊಳ್ಳಿ, ನಾಯಿಗಳ ಮಾತ್ರೆಗಳಲ್ಲಿ ಮೂರು ಔಷಧಿ ಸೇರಿಸಿರ್ತಾರೆ, ಅದು ಬೇಡ. 150 ಮಿಲಿಗ್ರಾಂ ಮಾತ್ರೆ ಒಂದನ್ನ ನುಣ್ಣಗೆ ಪುಡಿ ಮಾಡಿ 150 ಎಂಎಲ್ ನೀರಲ್ಲಿ ಕಲಸಿದ್ರೆ ಒಂದು ಎಂಎಲ್‌ಗೆ ಒಂದು ಮಿಲಿಗ್ರಾಂ ಲೆಕ್ಕ ಬರುತ್ತೆ. ಕರಗಲ್ಲ, ತಳಕ್ಕೆ ಕೂರುತ್ತೆ, ಹಾಗಾಗಿ ಪ್ರತಿ ಸಲ ಚೆನ್ನಾಗಿ ಕುಲುಕಿ ಸಿರಿಂಜಲ್ಲಿ ತಗೊಳ್ಳಿ. ಲೀಟರಿಗೆ ಸುಮಾರು 0.6 ಮಿಲಿಗ್ರಾಂ ಸಾಕು, ನಿಮ್ಮ 60 ಲೀಟರ್ ಟ್ಯಾಂಕಲ್ಲಿ ಮಣ್ಣು ಕಲ್ಲು ಕಳೆದ್ರೆ ನೀರಿರೋದು 50 ಲೀಟರ್ ಅಂದ್ಕೊಳ್ಳಿ, ಅಂದ್ರೆ 30 ಎಂಎಲ್. ಮಾರನೇ ದಿನ ಅದರರ್ಧ, ಅಂದ್ರೆ 15 ಎಂಎಲ್, ಅದರ ಮಾರನೇ ದಿನ ಇನ್ನೊಂದು 15 ಎಂಎಲ್, ಆಮೇಲೆ ಮೂರರಲ್ಲೊಂದು ಭಾಗ ನೀರು ಬದಲಾಯಿಸಿ ಗ್ರಾವೆಲ್ ಸೈಫನ್ ಮಾಡಿ, ಯಾಕಂದ್ರೆ ಸತ್ತ ಹುಳ ಕೊಳೆತು ಅಮೋನಿಯಾ ಏರುತ್ತೆ, ಶ್ರಿಂಪ್ ಸತ್ತ್ರೆ ಔಷಧಿಗಿಂತ ಅದರಿಂದಲೇ ಸಾಯೋದು ಜಾಸ್ತಿ. ಮೊಟ್ಟೆ ಕೋಶಗಳು ತಪ್ಪಿಸ್ಕೊಳ್ಳುತ್ತವೆ, ಹಾಗಾಗಿ ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದು ಸುತ್ತು ಮಾಡಿ.

ಇದನ್ನ ಎರಡು ಸಲ ಓದಿ: ಟ್ಯಾಂಕಲ್ಲಿ ನೆರೈಟ್ ಅಥವಾ ಮಿಸ್ಟರಿ ಸ್ನೇಲ್ (ಬಸವನಹುಳು) ಇದ್ರೆ ಮೊದ್ಲೇ ಹೊರಗೆ ತೆಗೀರಿ, ಫೆನ್‌ಬೆಂಡಜೋಲ್ ಅವನ್ನ ಸಾಯಿಸುತ್ತೆ, ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯೋದ್ರಿಂದ ಮುಂದಿನ ವಾರ ವಾಪಸ್ ಬಿಡೋ ಹಾಗೂ ಇಲ್ಲ. ಸ್ನೇಲ್ ಮೇಲೆ ಪ್ರೀತಿ ಜಾಸ್ತಿ ಇದ್ರೆ ಔಷಧಿ ಮುಟ್ಟಲೇಬೇಡಿ, ಒಳಗೆ ಮಾಂಸದ ಚೂರಿಟ್ಟ ಗ್ಲಾಸ್ ಟ್ರ್ಯಾಪ್ ಇಟ್ಟು ರಾತ್ರಿ ಹಿಡೀರಿ. ಪೂರ್ತಿ ಹೋಗಲ್ಲ, ಕಮ್ಮಿ ಆಗುತ್ತೆ.

ಪ್ರಶ್ನೆ: ಗಪ್ಪಿ ಹಿಂಭಾಗದಿಂದ ಕೆಂಪು ದಾರ ಇಣುಕ್ತಿದೆ, ಮಲ ಇರ್ಬೋದಾ?

ಅಲ್ಲ. ಅದು ಕಮಲಾನಸ್, ಕರುಳಲ್ಲಿ ಕೂತು ರಕ್ತ ಹೀರೋ ಹುಳ, ಒಂದು ಮೀನಲ್ಲಿ ಕಂಡ್ರೆ ಟ್ಯಾಂಕಲ್ಲಿರೋ ಎಲ್ಲದಕ್ಕೂ ಬಂದಿದೆ ಅಂತಲೇ ಇಟ್ಕೊಳ್ಳಿ. ಇಲ್ಲಿ ಬೇಕಾಗಿರೋದು ಲೆವಮಿಸೋಲ್, ಲೀಟರಿಗೆ 2 ಮಿಲಿಗ್ರಾಂ, ಬೆಳಕಿಗೆ ಹಾಳಾಗೋದ್ರಿಂದ ಒಂದು ದಿನ ಟ್ಯಾಂಕ್ ಮುಚ್ಚಿ ಕತ್ತಲಲ್ಲಿಡಿ. ಅದು ಹುಳಕ್ಕೆ ಲಕ್ವ ಹೊಡೆಸಿ ಹೊರಗೆ ಬೀಳಿಸುತ್ತೆ, ಸಾಯಿಸಲೇಬೇಕು ಅಂತಿಲ್ಲ, ಹಾಗಾಗಿ ಮಾರನೇ ದಿನ ತಳವನ್ನ ಸೈಫನ್ ಮಾಡ್ಲಿಲ್ಲ ಅಂದ್ರೆ ಮಾಡಿದ್ದೆಲ್ಲ ವೇಸ್ಟ್. ಮೂರು ವಾರಕ್ಕೆ ಮತ್ತೊಂದು ಸಲ. ಅಲ್ಲೀವರೆಗೂ ಮರಿಗಳನ್ನ ಫ್ರೆಂಡ್ಸಿಗೆ ಹಂಚ್ಬೇಡಿ.

ಪ್ರಶ್ನೆ: ನೀರು ಶುದ್ಧ ಮಾಡೋ ಯುವಿ ಲೈಟ್ ಹಾಕಿದ್ರೆ ಹುಳ ಹೋಗುತ್ತಾ?

ಇಲ್ಲ. ಹುಳ ಇರೋದು ಮಣ್ಣಲ್ಲಿ, ಯುವಿ ಇರೋದು ಪೈಪಲ್ಲಿ.

ಪ್ರಶ್ನೆ: ಕಾವೇರಿ ನೀರಲ್ಲೇ ಹುಳ ಬರ್ತಿದೆ ಅನ್ಸುತ್ತೆ, ಬೋರ್‌ವೆಲ್ ನೀರಿಗೆ ಶಿಫ್ಟ್ ಆಗ್ಲಾ?

ಕ್ಲೋರಿನ್ ಹಾಕಿದ ಕಾವೇರಿ ನೀರನ್ನ ಬಿಟ್ಬಿಡಿ, ಹೊಸ ಗಿಡ ತಂದಾಗ ತೊಳೆದ್ರಾ? ಮೀನಿಗೆ ಅಂತ ವಾರ ವಾರ ತರೋ ಜೀವಂತ ಟ್ಯೂಬಿಫೆಕ್ಸ್ ಹುಳ ಕೊಳಚೆ ನೀರಲ್ಲಿ ಬೆಳೆಯೋದು ಅಂತ ಗೊತ್ತಾ?

ಪ್ರಶ್ನೆ: ಟ್ಯಾಂಕ್ ಖಾಲಿ ಮಾಡಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದುಬಿಡ್ಲಾ?

ತೊಳೀರಿ, ಒಳ್ಳೇ ಬ್ಯಾಕ್ಟೀರಿಯಾನೂ ಹೋಗುತ್ತೆ, ಇನ್ನೊಂದು ತಿಂಗಳಿಗೆ "ಮೀನು ಯಾಕೆ ಸಾಯ್ತಿದೆ" ಅಂತ ನನಗೇ ಬರೀತೀರಿ.

ಪ್ರಶ್ನೆ: ಟ್ಯಾಂಕಿಗೆ ಕೈ ಹಾಕಿದ್ರೆ ಪ್ಲನೇರಿಯಾ ಮಕ್ಕಳ ಹೊಟ್ಟೆಗೆ ಹೋಗಿ ಜಂತುಹುಳ ಆಗುತ್ತಾ?

ಆಗಲ್ಲ. ಕೈ ಸೋಪ್ ಹಾಕಿ ತೊಳೆಸಿ.